ನಕ್ಷೆಯ ಗೆರೆ ಎಳೆಯುವುದು ಕೈಯಲ್ಲಿರುವ ಫೋನೋ, ದೂರದ ಗಣಕಯಂತ್ರವೋ?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಕಡಕೊಳ ದಾಟಿ ಮುಂದೆ ಬಂದರೆ ತಾಂಡವಪುರ ಸಿಗುತ್ತದೆ. ಹೊಲಗದ್ದೆಗಳ ನಡುವೆಯೇ ಕಾರ್ಖಾನೆಗಳು ಎದ್ದಿರುವ ಊರು ಇದು. ಇಂಥ ಕಡೆ ಭೂಮಿಯ ಬೆಲೆ ಏರಿದ ಹಾಗೆ ಬದುವಿನ ಬೆಲೆಯೂ ಏರುತ್ತದೆ. ಹಿಂದೆ ನೇಗಿಲು ಒಂದು ಸಾಲು ಅತ್ತ ಹೋದರೂ ಇತ್ತ ಬಂದರೂ ಯಾರೂ ಕೇಳುತ್ತಿರಲಿಲ್ಲ. ಈಗ ಒಂದು ಮೊಳಕ್ಕೂ ಮಾತು ಬೆಳೆಯುತ್ತದೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಅಕ್ಕಪಕ್ಕದ ಇಬ್ಬರು ಹಿಡುವಳಿದಾರರು ಒಂದೇ ಬದುವಿನ ಮೇಲೆ ನಿಂತಿದ್ದಾರೆ. ಇಬ್ಬರ ಕೈಯಲ್ಲೂ ಮೊಬೈಲ್ ಫೋನು, ಎರಡರಲ್ಲೂ ಸರ್ವೆ ನಂಬರು ತೋರಿಸುವ ಒಂದೇ ಆಪ್. ಒಬ್ಬರ ಫೋನಿನಲ್ಲಿ ನೀಲಿ ಚುಕ್ಕೆ ಗೆರೆಯ ಒಳಗಿದೆ, ಇನ್ನೊಬ್ಬರದರಲ್ಲಿ ಹೊರಗಿದೆ. "ನೋಡಪ್ಪ, ಸರ್ಕಾರದ ನಕ್ಷೆಯೇ ಹೇಳುತ್ತಿದೆ" ಎಂದು ಇವರು. "ನನ್ನ ನಕ್ಷೆಯೂ ಸರ್ಕಾರದ್ದೇ ಕಣಯ್ಯ" ಎಂದು ಅವರು. ಯಾವ ಫೋನು ನಿಜ ಹೇಳುತ್ತಿದೆ?

ಎರಡೂ ಸುಳ್ಳು ಹೇಳುತ್ತಿಲ್ಲ. ಆದರೆ ಫೋನಿನ ಮೇಲೆ ಕಾಣುವ ಆ ಚಿತ್ರವನ್ನು ಒಬ್ಬರೇ ಬರೆದಿಲ್ಲ. ಅದರ ಒಂದು ಭಾಗ ದೂರದ ಗಣಕಯಂತ್ರದಲ್ಲಿ ತಯಾರಾಗಿದೆ, ಇನ್ನೊಂದು ಭಾಗ ನಿಮ್ಮ ಅಂಗೈಯಲ್ಲೇ ತಯಾರಾಗಿದೆ. ಯಾವ ಭಾಗ ಯಾರ ಕೆಲಸ ಎಂದು ತಿಳಿದವರು ಮಾತ್ರ ಆ ಚಿತ್ರವನ್ನು ಎಷ್ಟು ನಂಬಬೇಕೆಂದು ಹೇಳಬಲ್ಲರು. ಈ ಪಾಠದ ವಿಷಯ ಇಷ್ಟೆ.

ಕಬ್ಬು ಸಾಗಿಸುವುದೋ, ಬೆಲ್ಲ ಸಾಗಿಸುವುದೋ

ಗಣಕಯಂತ್ರಕ್ಕೆ ಚಿತ್ರ ಎಂದರೆ ಚುಕ್ಕೆಗಳ ರಾಶಿ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಅಳತೆಗಳು ಬೇಕು. ಒಂದೊಂದು ಅಳತೆಗೆ ಒಂದು ಬೈಟ್ ಜಾಗ ಬೇಕು. ಆಪ್‌ಗಳಲ್ಲಿ ನಕ್ಷೆಯನ್ನು ಚೌಕ ಚೌಕವಾಗಿ ತುಂಡು ಮಾಡಿ ಕಳಿಸುವುದು ರೂಢಿ. ಅಗಲ 256 ಚುಕ್ಕೆ, ಎತ್ತರ 256 ಚುಕ್ಕೆ ಇರುವ ಒಂದು ತುಂಡನ್ನು ಅಡಕ ಮಾಡದೆ ಇಟ್ಟರೆ 1,96,608 ಬೈಟ್ ಆಗುತ್ತದೆ.

ಈಗ ಅದೇ ಹೊಲವನ್ನು ಬೇರೆ ರೀತಿಯಲ್ಲಿ ಹೇಳೋಣ. ನಿಮ್ಮ ಜಮೀನಿಗೆ ಎಂಟು ಮೂಲೆಗಳಿವೆ ಎಂದುಕೊಳ್ಳಿ. ಪ್ರತಿ ಮೂಲೆಗೆ ಅಕ್ಷಾಂಶ ಒಂದು, ರೇಖಾಂಶ ಒಂದು, ಹೀಗೆ ಎರಡು ಅಂಕಿ. ಅಂಕಿಯೊಂದಕ್ಕೆ 8 ಬೈಟ್ ಹಿಡಿದರೂ ಇಡೀ ಜಮೀನು 128 ಬೈಟ್‌ನಲ್ಲಿ ಮುಗಿಯಿತು. ಚಿತ್ರ ಕಳಿಸುವುದಕ್ಕೂ ಮೂಲೆಗಳ ಅಂಕಿಗಳನ್ನು ಕಳಿಸುವುದಕ್ಕೂ ಸಾವಿರದೈನೂರು ಪಟ್ಟು ವ್ಯತ್ಯಾಸ.

ಕಬ್ಬು ಬೆಳೆಯುವ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 10 ಟನ್ ಕಬ್ಬನ್ನು ಗಾಡಿಯಲ್ಲಿ ದೂರಕ್ಕೆ ಸಾಗಿಸಬಹುದು. ಇಲ್ಲವೇ ಹೊಲದ ಪಕ್ಕದ ಆಲೆಮನೆಯಲ್ಲೇ ಅರೆದು ಕಾಯಿಸಿ ಸುಮಾರು 1 ಟನ್ ಬೆಲ್ಲ ಮಾಡಿ ಸಾಗಿಸಬಹುದು. ರಸ್ತೆ ಕೆಟ್ಟಿದ್ದರೆ, ಗಾಡಿ ಸಿಗದಿದ್ದರೆ ಆಲೆಮನೆಯೇ ಲಾಭ. ಆದರೆ ಬೆಲ್ಲವಾದ ಮೇಲೆ ಅದರಿಂದ ಕಬ್ಬಿನ ಜಲ್ಲೆಯನ್ನು ಮತ್ತೆ ಪಡೆಯಲಾಗದು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಬೆಳೆಯ ಫೋಟೋ ಬಗ್ಗೆ ಹೇಳುವಾಗ ಅದು ಮತ್ತೆ ಬರುತ್ತದೆ.

ಚಿತ್ರದ ಕೆಲಸದಲ್ಲೂ ಹೀಗೆಯೇ. ಹಿಡಿದ ಜಾಗದಲ್ಲೇ ಎಷ್ಟು ಕೆಲಸ ಮಾಡಬೇಕು, ದೊಡ್ಡ ಗಣಕಯಂತ್ರಕ್ಕೆ ಎಷ್ಟು ಬಿಡಬೇಕು ಎಂಬುದು ಈ ವಿದ್ಯೆಯ ಹಳೆಯ ಪ್ರಶ್ನೆ. ದೊಡ್ಡ ಗಣಕಯಂತ್ರ ಎಂದರೆ ನಾಡಕಚೇರಿಯಲ್ಲಿ "ಇವತ್ತು ಸರ್ವರ್ ಇಲ್ಲ" ಎನ್ನುವಾಗ ಕೇಳುತ್ತೀರಲ್ಲ, ಆ ಸರ್ವರ್.

ಗಾಣದ ಸುತ್ತು

1963ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಐವಾನ್ ಸದರ್‌ಲೆಂಡ್ ಎಂಬುವರು ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ಏರ್ಪಾಡೊಂದನ್ನು ಮಾಡಿ ತೋರಿಸಿದರು. ಲೇಖನಿ ಜಾಗವನ್ನು ತೋರಿಸಿಕೊಡುತ್ತಿತ್ತು. ಲೆಕ್ಕದ ಕೆಲಸವೆಲ್ಲ ಕೋಣೆ ತುಂಬುವಷ್ಟು ದೊಡ್ಡ ಗಣಕಯಂತ್ರದ್ದು. ಅಂಥ ಯಂತ್ರವನ್ನು ಗೆರೆ ಎಳೆಯುವುದಕ್ಕೇ ಕಟ್ಟಿಹಾಕಿದರೆ ಉಳಿದ ಕೆಲಸ ನಿಲ್ಲುತ್ತದೆ. ಆದ್ದರಿಂದ ಪರದೆಯ ಪಕ್ಕದಲ್ಲಿ ಒಂದು ಸಣ್ಣ ಸಹಾಯಕ ಯಂತ್ರವನ್ನು ಇಡುವ ಯೋಚನೆ ಬಂತು.

1968ರಲ್ಲಿ ಮೈಯರ್ ಎಂಬುವರೂ ಸದರ್‌ಲೆಂಡರೂ ಸೇರಿ ಈ ಸಹಾಯಕ ಯಂತ್ರದ ಬಗ್ಗೆ ಒಂದು ಲೇಖನ ಬರೆದರು. ಸಹಾಯಕನಿಗೆ ಗೆರೆ ಎಳೆಯುವ ಶಕ್ತಿ ಕೊಟ್ಟರು. ಆಮೇಲೆ ಅದೇ ಗೆರೆಯನ್ನು ಮತ್ತೆ ಮತ್ತೆ ಎಳೆಯಲು ಸ್ವಲ್ಪ ನೆನಪು ಬೇಕೆನಿಸಿತು, ನೆನಪು ಕೊಟ್ಟ ಮೇಲೆ ಸ್ವಲ್ಪ ಲೆಕ್ಕ ಮಾಡುವ ಶಕ್ತಿಯೂ ಬೇಕೆನಿಸಿತು. ಕೊನೆಗೆ ನೋಡಿದರೆ ಸಹಾಯಕನೇ ಪೂರ್ತಿ ಗಣಕಯಂತ್ರವಾಗಿ ಕುಳಿತಿದ್ದ, ಅವನಿಗೊಬ್ಬ ಹೊಸ ಸಹಾಯಕ ಬೇಕಾಗಿತ್ತು! ಅವರು ಇದನ್ನು ಪುನರ್ಜನ್ಮದ ಚಕ್ರ ಎಂದು ಕರೆದರು. ನಾವಾದರೆ ಗಾಣದ ಎತ್ತು ಎನ್ನುತ್ತಿದ್ದೆವು. ಆ ಸುತ್ತು ಇನ್ನೂ ನಿಂತಿಲ್ಲ.

ಕಾಗದದ ನಕ್ಷೆಗಳನ್ನು ಗಣಕಯಂತ್ರಕ್ಕೆ ಏರಿಸುವ ಹಳೆಯ ವಿಧಾನದಲ್ಲೂ ಇದೇ ಪ್ರಶ್ನೆ ಇತ್ತು. ಅಳತೆ ಬಲ್ಲ ಒಂದು ಮೇಜಿನ ಮೇಲೆ ನಕ್ಷೆಯನ್ನು ಹಾಸಿ, ಅಡ್ಡ ಉದ್ದ ಕೂದಲೆಳೆ ಗೆರೆಗಳಿರುವ ಗುಂಡಿಯನ್ನು ಒಂದೊಂದು ಮೂಲೆಯ ಮೇಲೆ ಇಟ್ಟು ಒತ್ತಬೇಕಿತ್ತು. ಮೇಜು ಆ ಮೂಲೆಯ ಎರಡು ಅಂಕಿಗಳನ್ನಷ್ಟೇ ಕಳಿಸುತ್ತಿತ್ತು. ಇದು ಬೆಲ್ಲದ ದಾರಿ. ಆಮೇಲೆ ಇಡೀ ಹಾಳೆಯ ಚಿತ್ರ ತೆಗೆದು ಗಣಕಯಂತ್ರದಲ್ಲೇ ಗೆರೆಗಳನ್ನು ಗುರುತಿಸುವ ಪದ್ಧತಿ ಬಂತು. ಇದು ಕಬ್ಬಿನ ದಾರಿ.

ಮೊಬೈಲ್ ಪರದೆಯಲ್ಲಿ ಏನು ನಡೆಯುತ್ತದೆ?

ಇಂದಿನ ಸಾಧಾರಣ ಫೋನಿನ ಪರದೆಯಲ್ಲಿ ಅಡ್ಡ 1080, ಉದ್ದ 2400 ಚುಕ್ಕೆ, ಅಂದರೆ ಸುಮಾರು 26 ಲಕ್ಷ ಚುಕ್ಕೆಗಳಿರುತ್ತವೆ. ಬೆರಳಿನಿಂದ ನಕ್ಷೆಯನ್ನು ಸರಿಸುವಾಗ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗಿ ತುಂಬುತ್ತದೆ. ಒಂದೇ ಸೆಕೆಂಡಿಗೆ 15 ಕೋಟಿಗೂ ಹೆಚ್ಚು ಚುಕ್ಕೆ! ಇಷ್ಟನ್ನು ಸಿಗ್ನಲ್ ಸರಿಯಾಗಿ ಸಿಗದ ಹೊಲಕ್ಕೆ ದೂರದ ಊರಿನಿಂದ ಹರಿಸಲಾಗದು. ಆದ್ದರಿಂದ ಪರದೆ ತುಂಬುವ ಕೆಲಸಕ್ಕೆ ಫೋನಿನೊಳಗೇ ಪ್ರತ್ಯೇಕವಾದ ಚಿತ್ರದ ಚಿಪ್ ಇರುತ್ತದೆ. ಸದರ್‌ಲೆಂಡರ ಸಹಾಯಕ ಈಗ ನಿಮ್ಮ ಅಂಗಿಯ ಜೇಬಿನಲ್ಲಿದ್ದಾನೆ.

ಹಾಗಾದರೆ ಸರ್ವರ್‌ನಿಂದ ಬರುವುದೇನು? ಎರಡು ರೀತಿ ಇದೆ. 2005ರಲ್ಲಿ ಗೂಗಲ್ ನಕ್ಷೆ ಬಂದಾಗ ಅದು ಮೊದಲೇ ಬರೆದಿಟ್ಟ ಚೌಕ ಚಿತ್ರಗಳನ್ನು ಕಳಿಸುತ್ತಿತ್ತು. ಫೋನು ಅಥವಾ ಗಣಕಯಂತ್ರ ಅವನ್ನು ಹೆಂಚಿನಂತೆ ಜೋಡಿಸಬೇಕಿತ್ತು. 2010ರ ಕೊನೆಯಲ್ಲಿ ಫೋನುಗಳಿಗೆ ಅಂಕಿಗಳನ್ನು ಕಳಿಸಿ ಗೆರೆಯನ್ನು ಅಲ್ಲೇ ಎಳೆಯಿಸುವ ಪದ್ಧತಿ ಬಂತು. ಇಂದಿನ ಆಪ್‌ಗಳಲ್ಲಿ ಎರಡೂ ಬಳಕೆಯಲ್ಲಿವೆ. ಒಂದೇ ಆಪ್‌ನಲ್ಲಿ ಹಿನ್ನೆಲೆಯ ಉಪಗ್ರಹ ಚಿತ್ರ ಚೌಕಗಳಾಗಿಯೂ ಮೇಲಿನ ಗಡಿಗೆರೆ ಅಂಕಿಗಳಾಗಿಯೂ ಬರಬಹುದು.

ನಿಮ್ಮ ಆಪ್ ಯಾವ ಬಗೆಯದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿ. ಗೆರೆಯೂ ದಪ್ಪವಾಗಿ ಅಂಚು ಮಸುಕಾದರೆ ಬಂದದ್ದು ಸಿದ್ಧ ಚಿತ್ರ. ಎಷ್ಟು ಹಿಗ್ಗಿಸಿದರೂ ಗೆರೆ ನೂಲಿನ ಹಾಗೆ ತೆಳ್ಳಗೇ ಉಳಿದರೆ, ಫೋನೇ ಅಂಕಿ ನೋಡಿಕೊಂಡು ಪ್ರತಿಸಲವೂ ಹೊಸದಾಗಿ ಗೆರೆ ಎಳೆಯುತ್ತಿದೆ.

ತೆಳ್ಳಗಿನ ಗೆರೆ ಮಾಡುವ ಮೋಸ

ಇಲ್ಲಿಯೇ ನಮ್ಮ ರೈತರು ಎಡವುವುದು. ಗೆರೆ ತೆಳ್ಳಗಿದೆ, ಸ್ಪಷ್ಟವಾಗಿದೆ. ಹಾಗಾದರೆ ಅಳತೆಯೂ ಅಷ್ಟೇ ನಿಖರವಾಗಿರಬೇಕು ಎಂದು ಮನಸ್ಸು ನಂಬುತ್ತದೆ. ಆದರೆ ಆ ತೆಳುವು ಫೋನಿನ ಚಿಪ್ ಮಾಡಿದ ಕೆಲಸ. ಗೆರೆ ಎಲ್ಲಿ ಬೀಳಬೇಕೆಂಬುದು ಮೂಲ ನಕ್ಷೆಯಿಂದ ಬಂದದ್ದು. ನೀವು ನಿಂತ ಜಾಗದ ಚುಕ್ಕೆಯೋ, ಅದು ಮೂರನೆಯ ಲೆಕ್ಕ. ಮೂರನ್ನೂ ಒಂದೇ ಪರದೆಯಲ್ಲಿ ನೋಡಿದಾಗ ಮೂರೂ ಒಂದೇ ಗುಣದವೆಂದು ಕಾಣುತ್ತವೆ.

ಮೊದಲು ಮೂಲ ನಕ್ಷೆಯನ್ನು ನೋಡೋಣ. ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದವು. ನಕ್ಷೆಯ 1 ಇಂಚು ಎಂದರೆ ನೆಲದ ಮೇಲೆ 660 ಅಡಿ. ಆ ಕಾಗದದ ಮೇಲೆ ಮಸಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ, ನೆಲದ ಮೇಲೆ ಅದು 3,960 ಮಿಲಿಮೀಟರ್. ಸುಮಾರು 4 ಮೀಟರ್, ಅಂದರೆ 13 ಅಡಿ. ಗೆರೆಯ ಎಡ ಅಂಚನ್ನು ಹಿಡಿದು ಅಂಕಿ ಮಾಡಿದರೋ, ಬಲ ಅಂಚನ್ನೋ ಎಂಬುದರ ಮೇಲೆಯೇ ಇಷ್ಟು ಅಂತರ ಬರಬಹುದು. ಕಾಗದ ಹಿಗ್ಗುವುದು ಕುಗ್ಗುವುದು, ಮಡಿಕೆ ಬೀಳುವುದು ಇವೆಲ್ಲ ಬೇರೆ.

13 ಅಡಿ ಎಂದರೆ ಎಷ್ಟು? ಚಚ್ಚೌಕವಾದ ಒಂದು ಎಕರೆಯ ಒಂದು ಮಗ್ಗುಲು ಸುಮಾರು 209 ಅಡಿ. ಆ ಮಗ್ಗುಲಿನುದ್ದಕ್ಕೂ 13 ಅಡಿ ಅಗಲದ ಪಟ್ಟಿ ಹಿಡಿದರೆ 2,700 ಚದರ ಅಡಿಗೂ ಮೇಲೆ. ಗುಂಟೆಗೆ 1,089 ಚದರ ಅಡಿಯಂತೆ ಎರಡೂವರೆ ಗುಂಟೆ! ಹೆದ್ದಾರಿ ಮಗ್ಗುಲಿನಲ್ಲಿ ಎರಡೂವರೆ ಗುಂಟೆ ಎಂದರೆ ಏನೆಂದು ಬೆಲೆ ಬಲ್ಲವರಿಗೆ ಗೊತ್ತು. ಅಷ್ಟನ್ನು ಪರದೆಯಲ್ಲಿ ಕೂದಲೆಳೆಯಂಥ ಒಂದು ಗೆರೆ ಮುಚ್ಚಿಟ್ಟಿರುತ್ತದೆ.

ಇನ್ನು ನೀಲಿ ಚುಕ್ಕೆ. ಉಪಗ್ರಹ ನಿಮ್ಮನ್ನು ಮೇಲಿನಿಂದ ನೋಡಿ ಚುಕ್ಕೆ ಇಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಉಪಗ್ರಹಗಳು ತಮ್ಮ ಸ್ಥಾನ ಮತ್ತು ಗಳಿಗೆಯನ್ನು ಸಾರುತ್ತಿರುತ್ತವೆ, ಅಷ್ಟೆ. ಹಲವು ಉಪಗ್ರಹಗಳ ಸಂಕೇತ ಎಷ್ಟು ತಡವಾಗಿ ಮುಟ್ಟಿತು ಎಂಬುದನ್ನು ಅಳೆದು ಜಾಗವನ್ನು ಲೆಕ್ಕ ಹಾಕುವುದು ನಿಮ್ಮ ಫೋನೇ. ಬಯಲಿನಲ್ಲಿ ನಿಂತರೆ ಈ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ತೆಂಗಿನ ತೋಟದೊಳಗೆ, ಗೋಡೆಯ ಮಗ್ಗುಲಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಎರಡು ಫೋನುಗಳ ಚಿಪ್ಪು ಬೇರೆ, ಅವು ಹಿಡಿದ ಉಪಗ್ರಹಗಳೂ ಬೇರೆ ಇರಬಹುದು. ಬದುವಿನ ಮೇಲೆ ನಿಂತ ಆ ಇಬ್ಬರ ಚುಕ್ಕೆಗಳು ಗೆರೆಯ ಎರಡು ಕಡೆ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಚುಕ್ಕೆಯ ಸುತ್ತ ತೆಳು ನೀಲಿ ವೃತ್ತವೊಂದು ಕಾಣುವುದುಂಟು. "ನಾನು ಇದರೊಳಗೆ ಎಲ್ಲೋ ಇದ್ದೇನೆ" ಎಂದು ಫೋನು ತಾನೇ ಒಪ್ಪಿಕೊಳ್ಳುವುದು ಆ ವೃತ್ತದ ಅರ್ಥ. ಚುಕ್ಕೆಯನ್ನು ಬಿಟ್ಟು ವೃತ್ತವನ್ನು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಆಪ್ ಬಳಕೆಯಲ್ಲಿದೆ. ನಿಂತ ಜಾಗದ ಸರ್ವೆ ನಂಬರು ಯಾವುದು, ಸುತ್ತ ಕೆರೆ, ಹಳ್ಳ, ಸರ್ಕಾರಿ ಭೂಮಿ ಏನಾದರೂ ಇದೆಯೇ ಎಂದು ತಿಳಿಯಲು ಅದು ಬಹಳ ಒಳ್ಳೆಯ ಸಾಧನ. ಜಮೀನು ಕೊಳ್ಳುವ ಮುಂಚೆ ಅದನ್ನು ನೋಡದವರು ದಡ್ಡರೇ ಸರಿ. ಆದರೆ ಅದು ಮಾಹಿತಿಗಾಗಿ ಮಾತ್ರ. ಬದು ಎಲ್ಲಿದೆ ಎಂದು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಪೋಡಿ ಆಗದ ಹಿಸ್ಸೆಗಳಿಗೆ ಅಳೆದ ಗೆರೆಯೇ ಇಲ್ಲದಿರುವಾಗ, ಅಣ್ಣತಮ್ಮಂದಿರ ಭಾಗದ ಜಗಳಕ್ಕೆ ಆಪ್ ತೆರೆಯುವುದು ವ್ಯರ್ಥ. ಗಡಿಯ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಮೂಲ ಟಿಪ್ಪಣಿಯನ್ನು ಇಟ್ಟುಕೊಂಡು ಅಳೆದು ತೋರಿಸುವುದೇ ದಾರಿ. ಟಿಪ್ಪಣಿಯಲ್ಲಿ ಸರಪಳಿಯಿಂದ ಅಳೆದ ಅಂಕಿಗಳಿರುತ್ತವೆ; ಅವು ಚಿತ್ರವಾಗುವುದಕ್ಕೆ ಮುಂಚಿನವು. ಗೆರೆಯ ದಪ್ಪದ ತೊಂದರೆ ಅವಕ್ಕಿಲ್ಲ.

ಬೆಳೆಯ ಫೋಟೋ: ಇಲ್ಲಿ ಕೆಲಸ ತಿರುಗುಮುರುಗು

ನಕ್ಷೆಯಲ್ಲಿ ಚಿತ್ರ ಸರ್ವರ್‌ನಿಂದ ಹೊಲಕ್ಕೆ ಬರುತ್ತದೆ. ಬೆಳೆಯ ಫೋಟೋ ಹೊಲದಿಂದ ಸರ್ವರ್‌ಗೆ ಹೋಗುತ್ತದೆ. 2020ರ ಮುಂಗಾರಿನಿಂದ ನಮ್ಮ ರಾಜ್ಯದ ರೈತರು ತಮ್ಮ ಬೆಳೆ ಸಮೀಕ್ಷೆಯನ್ನು ತಾವೇ ಮೊಬೈಲಿನಲ್ಲಿ ಮಾಡಿ ಫೋಟೋ ಏರಿಸಲು ಅವಕಾಶವಾಯಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ನಷ್ಟದ ಪರಿಹಾರ ಇವಕ್ಕೆಲ್ಲ ಸಮೀಕ್ಷೆಯ ದಾಖಲೆಯನ್ನು ನೋಡಲಾಗುತ್ತದೆ. ಆದ್ದರಿಂದ ಫೋಟೋ ಹೇಗೆ ತಯಾರಾಗುತ್ತದೆ ಎಂಬುದು ತಿಳಿದಿರಬೇಕು.

ಕ್ಯಾಮೆರಾ ಹಿಡಿದದ್ದು 4000 ಅಡ್ಡ, 3000 ಉದ್ದ ಚುಕ್ಕೆ ಎಂದುಕೊಳ್ಳಿ. ಅಡಕ ಮಾಡದಿದ್ದರೆ 3 ಕೋಟಿ 60 ಲಕ್ಷ ಬೈಟ್. ಫೋನು ಅದನ್ನು ಅಲ್ಲೇ ಅರೆದು ಕಾಯಿಸಿ ಹತ್ತನೇ ಒಂದು ಪಾಲಿಗೆ ಇಳಿಸುತ್ತದೆ. ಕಳಿಸುವ ಆಪ್ ಇನ್ನೂ ಸಣ್ಣದು ಮಾಡಬಹುದು. ಇದು ಆಲೆಮನೆಯ ಕೆಲಸ. ಕಳೆದುಹೋದದ್ದು ಸರ್ವರ್‌ನಲ್ಲಿ ಮತ್ತೆ ಹುಟ್ಟುವುದಿಲ್ಲ. ಬೆಳೆ ಯಾವುದು ಎಂದು ಗುರುತಿಸಲು ಸಣ್ಣ ಫೋಟೋ ಸಾಕು. ಭತ್ತ ಭತ್ತವಾಗಿ, ಕಬ್ಬು ಕಬ್ಬಾಗಿ ಕಾಣುತ್ತದೆ. ತೊಂದರೆ ಬರುವುದು ಕೀಟ, ರೋಗಗಳ ಫೋಟೋ ಕಳಿಸಿ ಸಲಹೆ ಕೇಳುವಾಗ.

ಭತ್ತದ ಕಂದು ಜಿಗಿಹುಳುವನ್ನೇ ತೆಗೆದುಕೊಳ್ಳಿ. ಅದರ ಉದ್ದ 3ರಿಂದ 4 ಮಿಲಿಮೀಟರ್. ಒಂದು ಮೀಟರ್ ಅಗಲದ ಗದ್ದೆ ಕಾಣುವಂತೆ ಫೋಟೋ ತೆಗೆದರೆ, 4000 ಚುಕ್ಕೆಯ ಫೋಟೋದಲ್ಲಿ ಹುಳುವಿನ ಪಾಲಿಗೆ 12ರಿಂದ 16 ಚುಕ್ಕೆ ಸಿಗುತ್ತದೆ. ಕಳಿಸುವಾಗ ಅದು 1600 ಚುಕ್ಕೆಗೆ ಇಳಿದರೆ ಐದಾರು ಚುಕ್ಕೆ ಮಾತ್ರ ಉಳಿಯುತ್ತದೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಬೇರೆಲ್ಲಾಗಲಿ, ಎಂಥ ತಜ್ಞರಿಗೂ ಐದು ಚುಕ್ಕೆ ನೋಡಿ ಅದು ಹುಳುವೋ ಮಣ್ಣಿನ ಕಲೆಯೋ ಹೇಳಲಾಗದು. ಇದಕ್ಕೆ ದುಬಾರಿ ಫೋನು ಮದ್ದಲ್ಲ. ಹತ್ತಿರ ಹೋಗುವುದೇ ಮದ್ದು. ತೆಂಡೆಯ ಬುಡವನ್ನು ಬಿಡಿಸಿ, ನೀರಿನ ಮಟ್ಟದ ಮೇಲೆ, 10 ಸೆಂಟಿಮೀಟರ್ ಅಗಲ ಮಾತ್ರ ಕಾಣುವಂತೆ ತೆಗೆದರೆ ಅದೇ 1600 ಚುಕ್ಕೆಯಲ್ಲೂ ಹುಳುವಿಗೆ ಐವತ್ತರ ಹತ್ತಿರ ಚುಕ್ಕೆ ಸಿಗುತ್ತದೆ. ಬೆಂಕಿರೋಗದ ಎಲೆಗೂ ಇದೇ ಕ್ರಮ. ನಂಜನಗೂಡು ರಸಬಾಳೆಗೆ ತಗಲುವ ಪನಾಮ ಸೊರಗು ರೋಗದ ವಿಷಯ ಮಾತ್ರ ಬೇರೆ: ಹಳದಿಯಾದ ಎಲೆಯ ಫೋಟೋ ಎಷ್ಟು ಕಳಿಸಿದರೂ ಸಂದೇಹ ಉಳಿಯುತ್ತದೆ, ಗಡ್ಡೆಯನ್ನು ಕತ್ತರಿಸಿ ಒಳಗಿನ ಕೆಂಗಂದು ಬಣ್ಣ ಕಾಣುವಂತೆ ತೆಗೆಯಬೇಕು.

ವಾಟ್ಸಪ್‌ನಲ್ಲಿ ಸಾಧಾರಣವಾಗಿ ಕಳಿಸಿದ ಫೋಟೋವನ್ನು ಆಪ್ ಕುಗ್ಗಿಸುತ್ತದೆ. 2023ರಿಂದ ಎಚ್‌.ಡಿ. ಎಂಬ ಆಯ್ಕೆ ಬಂದಿದೆ, ಅದರಲ್ಲಿ ಕುಗ್ಗುವುದು ಕಡಿಮೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆಯೇ ಹೋಗುತ್ತದೆ. ಇನ್ನೊಂದು ಸಂಗತಿ. ಕ್ಯಾಮೆರಾದಲ್ಲಿ ಜಾಗ ಗುರುತಿಸುವ ಆಯ್ಕೆ ತೆರೆದಿದ್ದರೆ ಫೋಟೋದ ಬೆನ್ನಿಗೆ ದಿನಾಂಕ, ಗಂಟೆ, ಅಕ್ಷಾಂಶ, ರೇಖಾಂಶಗಳೂ ಅಂಟಿಕೊಂಡಿರುತ್ತವೆ. ಸಾಧಾರಣ ಫೋಟೋವಾಗಿ ಕಳಿಸುವಾಗ ಈ ಚೀಟಿ ಉದುರಿಹೋಗುತ್ತದೆ. ನೆರೆ ಬಂದೋ ಆಲಿಕಲ್ಲು ಬಿದ್ದೋ ಬೆಳೆ ಹೋದಾಗ ತೆಗೆದ ಫೋಟೋಗಳನ್ನು ಮಗನಿಗೆ ಕಳಿಸಿ, ತಮ್ಮ ಫೋನಿನಿಂದ ಅಳಿಸಿಬಿಡುವ ರೈತರಿದ್ದಾರೆ. ಮಗನ ಹತ್ತಿರ ಇರುವುದು ಚೀಟಿ ಕಳೆದ ನಕಲು. ಮೂಲ ಫೋಟೋವನ್ನು ಪರಿಹಾರ ಕೈಸೇರುವ ತನಕ ಅಳಿಸಬಾರದು.

ಬೆರಳಚ್ಚಿನ ಯಂತ್ರ

ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರವೂ ಚಿತ್ರ ಹಿಡಿಯುವ ಸಾಧನವೇ. ಬೆರಳಿನ ಗೆರೆ ಎಲ್ಲಿ ನಿಂತಿತು, ಎಲ್ಲಿ ಕವಲೊಡೆಯಿತು ಎಂಬ ಗುರುತುಗಳನ್ನು ಆ ಚಿತ್ರದಿಂದ ತೆಗೆಯುತ್ತಾರೆ. ಹಿಂದೆ ಹಿಡಿದ ಗುರುತುಗಳಿಗೆ ಬೀಗ ಹಾಕುವ ಕೆಲಸವನ್ನು ಪಕ್ಕದ ಗಣಕಯಂತ್ರವೋ ಫೋನೋ ಮಾಡುತ್ತಿತ್ತು. ನಡುವಿನ ತಂತಿಯಲ್ಲಿ ಯಾರಾದರೂ ಹಳೆಯ ಅಚ್ಚನ್ನು ತೂರಿಸುವ ಅಪಾಯವಿತ್ತು. ಆಧಾರ್ ವ್ಯವಸ್ಥೆಯಲ್ಲಿ ಎಲ್‌-1 ಎಂಬ ದರ್ಜೆಯ ಯಂತ್ರಗಳು ಬಂದ ಮೇಲೆ ಈ ಕೆಲಸ ಯಂತ್ರದೊಳಗೇ ಮುಗಿಯುತ್ತದೆ. ಇಲ್ಲಿ ಕೆಲಸವನ್ನು ಕೈಯಂತ್ರಕ್ಕೆ ವರ್ಗಾಯಿಸಿದ್ದು ರಸ್ತೆ ಕೆಟ್ಟಿದೆ ಎಂದಲ್ಲ, ದಾರಿಗಳ್ಳರಿದ್ದಾರೆ ಎಂದು. ಗುದ್ದಲಿ ಹಿಡಿದು ಸವೆದ ಬೆರಳಿಗೆ ಮಾತ್ರ ಯಾವ ದರ್ಜೆಯ ಯಂತ್ರದಿಂದಲೂ ಪೂರ್ತಿ ಪರಿಹಾರವಿಲ್ಲ. ಬೆರಳು ತೆಗೆದುಕೊಳ್ಳದಿದ್ದರೆ ಕಣ್ಣಿನ ಗುರುತು ಅಥವಾ ಮೊಬೈಲಿಗೆ ಬರುವ ಒ.ಟಿ.ಪಿ. ಮೂಲಕ ಆಗುವುದೇ ಎಂದು ಕೇಳಿ.

ಮಾಡಿ ನೋಡಿ

ನಿಮ್ಮ ಜಮೀನಿನಲ್ಲಿ ತಕರಾರಿಲ್ಲದ ಒಂದು ಬಾಂದು ಕಲ್ಲನ್ನು ಆರಿಸಿಕೊಳ್ಳಿ. ಮರದ ನೆರಳಿಲ್ಲದ ಜಾಗವಾದರೆ ಒಳ್ಳೆಯದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಲ್ಲಿನ ಮೇಲೆ ಫೋನಿಟ್ಟು ಎರಡು ನಿಮಿಷ ಕಾದು, ಅಕ್ಷಾಂಶ ರೇಖಾಂಶಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರು ದಿನ ಹೀಗೆ ಮಾಡಿದರೆ ಒಂಬತ್ತು ಜೊತೆ ಅಂಕಿಗಳಾಗುತ್ತವೆ. ದಶಾಂಶ ಬಿಂದುವಿನ ನಂತರ ನಾಲ್ಕನೆಯ ಅಂಕಿಯಲ್ಲಿ 1 ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್, ಐದನೆಯದರಲ್ಲಿ ಬದಲಾದರೆ ಸುಮಾರು 1 ಮೀಟರ್. ಕಲ್ಲು ಕದಲಿಲ್ಲ; ಅಂಕಿ ಎಷ್ಟು ಕದಲಿತು ಎಂದು ಲೆಕ್ಕ ಹಾಕಿ. ಆಮೇಲೆ ಅದೇ ಕಲ್ಲು ಆಪ್‌ನ ಗೆರೆಯಿಂದ ಎಷ್ಟು ಹೆಜ್ಜೆ ದೂರ ಕಾಣುತ್ತದೆ ಎಂಬುದನ್ನೂ ಬರೆಯಿರಿ. ನೆರೆಹೊಲದವರನ್ನೂ ಕರೆದು ಅವರ ಫೋನಿನಲ್ಲೂ ಒಮ್ಮೆ ನೋಡಿಸಿ. ಬದುವಿನ ಮಾತು ಬರುವ ಮುಂಚೆಯೇ ಈ ಕೆಲಸ ಮಾಡಿದ್ದರೆ, ಮಾತು ಬಂದ ದಿನ ಇಬ್ಬರ ಹತ್ತಿರವೂ ಒಂದೇ ಪುಸ್ತಕ ಇರುತ್ತದೆ.